ಮೋಟರು ಸುಡುವ ಮೊದಲೇ ಬರೆದಿಡಿ

ಮೋಟರ್ ವೈಂಡಿಂಗ್ ನನ್ನ ಕಸುಬು. ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಗಳಿಂದ, ಬ್ಯಾಡಗಿ, ಮೋಟೆಬೆನ್ನೂರು, ಗುತ್ತಲದ ಕಡೆಯಿಂದ ಸುಟ್ಟ ಮೋಟರುಗಳು ಅಂಗಡಿಗೆ ಬರುತ್ತಲೇ ಇರುತ್ತವೆ. ಏನಾಯಿತೆಂದು ಕೇಳಿದರೆ ತಂದವರು ಬಹುತೇಕ ಹೇಳುವುದು ಒಂದೇ ಮಾತು: "ಕರೆಂಟ್ ಸರಿ ಬರಂಗಿಲ್ಲರಿ, ಸುಟ್ಟೈತಿ." ಯಾವ ದಿನ, ಯಾವ ಹೊತ್ತಿನಲ್ಲಿ, ಎಷ್ಟು ಆಂಪಿಯರ್ ಎಳೆಯುತ್ತಿತ್ತು ಎಂದು ಮುಂದಕ್ಕೆ ಕೇಳಿದರೆ ಉತ್ತರವಿರುವುದಿಲ್ಲ. ತಪ್ಪು ಅವರದಲ್ಲ. ರಾತ್ರಿ ಎರಡಕ್ಕೆ ಬರುವ ಕರೆಂಟನ್ನು ಬೋರಿನ ಪಕ್ಕ ಕೂತು ನೋಡಿ ಬರೆಯುವವರು ಯಾರು?

ಮೋಟರು ಬಿಚ್ಚಿದಾಗ ಸುರುಳಿಗಳೇ ಒಂದಿಷ್ಟು ಹೇಳುತ್ತವೆ. ಸ್ಟಾರ್ ಜೋಡಣೆಯ ಮೋಟರಿನಲ್ಲಿ ಎರಡು ಫೇಸಿನ ಸುರುಳಿಗಳು ಕರಕಲಾಗಿ ಮೂರನೆಯದು ಹೊಸದರಂತೆ ಉಳಿದಿದ್ದರೆ, ಒಂದು ಫೇಸ್ ಹೋದ ಮೇಲೂ ಅದು ಓಡಿದೆ ಎಂದರ್ಥ. ಡೆಲ್ಟಾ ಆಗಿದ್ದರೆ ಒಂದು ಫೇಸಿನ ಸುರುಳಿ ಸುಟ್ಟು ಉಳಿದೆರಡು ಬದುಕಿರುತ್ತವೆ. ಎಲ್ಲವೂ ಒಂದೇ ಸಮನೆ ಕಪ್ಪಾಗಿದ್ದರೆ ಹೊರೆ ಮಿತಿ ಮೀರಿದೆ, ಇಲ್ಲವೆ ವೋಲ್ಟೇಜು ಬಹಳ ಹೊತ್ತು ಕೆಳಗಿತ್ತು. ಆದರೆ ಸುಟ್ಟ ಸುರುಳಿ ಹೇಳುವುದು ಕೊನೆಯ ಗಳಿಗೆಯ ಸಂಗತಿ. ಅದಕ್ಕೂ ಹಿಂದಿನ ಎರಡು ಮೂರು ತಿಂಗಳಲ್ಲಿ ಆ ಮೋಟರು ಯಾವ ಯಾವ ಹೊತ್ತಿನಲ್ಲಿ ಎಷ್ಟು ಬಿಸಿಯುಂಡಿತು ಎಂಬುದು ತಾಮ್ರದ ಜೊತೆಗೇ ಕರಗಿಹೋಗಿರುತ್ತದೆ. ವೈಂಡಿಂಗ್ ಮೇಲಿನ ಇನ್ಸುಲೇಶನ್ ತಾಳಿಕೆಯ ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚು ಬಿಸಿಗೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರೂ ನಂಬಿ ನಡೆಯುವ ಲೆಕ್ಕ. ಎಂದರೆ ಮೋಟರು ಒಂದೇ ದಿನದಲ್ಲಿ ಸಾಯುವುದಲ್ಲ, ದಿನದಿನವೂ ಸವೆಯುತ್ತದೆ.

ಈ ಸವೆತವನ್ನು ಮೊದಲೇ ಕಾಣುವ ಉಪಾಯ ಈಗ ನಿಮ್ಮ ಕೈಯಲ್ಲಿದೆ. ಹಾವೇರಿಯ ಐಟಿಐಯಲ್ಲಿ, ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ರಾಣೆಬೆನ್ನೂರಿನ ತರಳಬಾಳು ಜಗದ್ಗುರು ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿರುವ ನೀವು ಕರೆಂಟ್ ಅಳೆಯುವ ಕ್ಲಾಂಪು, ಪುಟ್ಟ ಆರ್ಡುಯಿನೊ ಬೋರ್ಡು, ಒಂದು ಮೆಮೊರಿ ಕಾರ್ಡು ಸೇರಿಸಿ ನಿಮಿಷ ನಿಮಿಷದ ಲೆಕ್ಕ ಬರೆದಿಡುವ ಯಂತ್ರವನ್ನು ಮನೆಯಲ್ಲೇ ಕಟ್ಟಬಲ್ಲಿರಿ. ಕಟ್ಟಿ, ಕಟ್ಟಲೇಬೇಕು. ಕಟ್ಟುವ ಮುನ್ನ ಈ ಹಿರಿಯನ ಕೆಲವು ಮಾತು ಕಿವಿಗೆ ಹಾಕಿಕೊಳ್ಳಿ.

ಪ್ರಶ್ನೆ ಮೊದಲು, ಸಾಮಾನು ಆಮೇಲೆ

ಸಾಮಾನು ತರಿಸುವ ಮೊದಲು ಒಂದು ಹಾಳೆಯ ಮೇಲೆ ಒಂದೇ ಒಂದು ಪ್ರಶ್ನೆ ಬರೆಯಿರಿ. "ಕರೆಂಟ್ ಅಳೆಯಬೇಕು" ಎಂಬುದು ಪ್ರಶ್ನೆಯಲ್ಲ. "ನಮ್ಮ ಬೋರಿನ ಐದು ಎಚ್‌ಪಿ ಮೋಟರು ನೀರಿಲ್ಲದೆ ಎಷ್ಟು ಹೊತ್ತು ಒಣಗಿ ಓಡುತ್ತಿದೆ?" ಇದು ಪ್ರಶ್ನೆ. "ಮೂರು ಫೇಸ್ ದಿನಕ್ಕೆ ನಿಜಕ್ಕೂ ಎಷ್ಟು ತಾಸು ಸಿಗುತ್ತಿದೆ, ಯಾವ ಹೊತ್ತಿನಲ್ಲಿ ಫೇಸ್ ಹಾರುತ್ತಿದೆ?" ಇದೂ ಪ್ರಶ್ನೆ. ಬ್ಯಾಡಗಿಯ ಹುಡುಗನಾದರೆ "ಮಾಮನ ಖಾರದ ಗಿರಣಿಯ ಮೋಟರಿಗೆ ಯಾವ ಹದದ ಕಾಯಿ ಹಾಕಿದಾಗ ಹೊರೆ ಹೆಚ್ಚುತ್ತದೆ?" ಎಂದು ಕೇಳಬಹುದು. ಮನೆಯಲ್ಲಿ ಕೂತವಳು "ನಮ್ಮ ಫ್ರಿಜ್ಜು ತಾಸಿಗೆ ಎಷ್ಟು ನಿಮಿಷ ಓಡುತ್ತದೆ?" ಎಂದು ಕೇಳಬಹುದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಮನೆಯ ಉಚಿತ ಯೂನಿಟ್ಟಿನ ಮಿತಿ ನಿಂತದ್ದು ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ. ಹಾಗಿರುವಾಗ ಮನೆಯ ಬಳಕೆ ಎಲ್ಲಿ ಹೋಗುತ್ತಿದೆ ಎಂದು ತಿಳಿಯುವುದು ಬರೀ ಕುತೂಹಲದ ಮಾತಲ್ಲ.

ಪ್ರಶ್ನೆ ಬರೆದರೆ ಸಾಮಾನು ತಾನಾಗಿ ಗೊತ್ತಾಗುತ್ತದೆ. ಎಷ್ಟು ಆಂಪಿಯರ್‌ವರೆಗೆ ಅಳೆಯಬೇಕು, ಒಂದು ಫೇಸೋ ಮೂರೋ, ಸೆಕೆಂಡಿಗೊಮ್ಮೆಯೋ ನಿಮಿಷಕ್ಕೊಮ್ಮೆಯೋ, ವೋಲ್ಟೇಜೂ ಬೇಕೋ ಬೇಡವೋ, ಎಲ್ಲವೂ ಪ್ರಶ್ನೆಯಿಂದಲೇ ಹುಟ್ಟುತ್ತವೆ. ಪ್ರಶ್ನೆಯಿಲ್ಲದೆ ಕಟ್ಟಿದ ಯಂತ್ರ ವಿಜ್ಞಾನ ಪ್ರದರ್ಶನದ ಮೇಜಿನ ಮೇಲೆ ಒಂದು ದಿನ ಮಿನುಗಿ ಅಟ್ಟ ಸೇರುತ್ತದೆ.

ತಂತಿ ಕತ್ತರಿಸದೆ ಅಳೆಯಿರಿ

ಕರೆಂಟ್ ಹರಿಯುವ ತಂತಿಯ ಸುತ್ತ ಕಾಂತಶಕ್ತಿ ಹುಟ್ಟುತ್ತದೆ ಎಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ತೋರಿಸಿಕೊಟ್ಟ. ಇಂದಿನ ಕ್ಲಾಂಪು ನಿಂತಿರುವುದು ಅದೇ ನೆಲೆಯ ಮೇಲೆ. ತಂತಿಯನ್ನು ಕಬ್ಬಿಣದ ಬಳೆಯೊಂದು ಸುತ್ತುವರಿಯುತ್ತದೆ, ಆ ಬಳೆಗೆ ಸಣ್ಣ ತಂತಿಯ ಸಾವಿರಾರು ಸುತ್ತು ಹಾಕಿರುತ್ತಾರೆ. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುವ ಎಸ್‌ಸಿಟಿ-013 ಮಾದರಿಯ ಕ್ಲಾಂಪಿನಲ್ಲಿ ಈ ಅನುಪಾತ 2000ಕ್ಕೆ 1. ಒಳಗೆ 100 ಆಂಪಿಯರ್ ಹರಿದರೆ ಅದರ ಹೊರತಂತಿಯಲ್ಲಿ 50 ಮಿಲಿಆಂಪಿಯರ್ ಬರುತ್ತದೆ. ಬಾಯಿ ತೆರೆದು ತಂತಿಗೆ ಕಚ್ಚಿಸಿದರಾಯಿತು. ಕತ್ತರಿಸುವುದು, ಸುಲಿಯುವುದು ಏನೂ ಇಲ್ಲ.

ಎಸಿಎಸ್712 ಎಂಬ ಇನ್ನೊಂದು ಚಿಕ್ಕ ಬೋರ್ಡು ಇನ್ನೂ ಅಗ್ಗ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮದ ಮೇಲೆ ಅದು ಕೆಲಸ ಮಾಡುತ್ತದೆ, ಡಿಸಿಯನ್ನೂ ಅಳೆಯುತ್ತದೆ. 5 ಆಂಪಿಯರ್‌ನ ಮಾದರಿ ಆಂಪಿಯರಿಗೆ 185 ಮಿಲಿವೋಲ್ಟ್, 20ರದು 100, 30ರದು 66 ಮಿಲಿವೋಲ್ಟ್ ಕೊಡುತ್ತದೆ. ಆದರೆ ತಂತಿಯನ್ನು ಕತ್ತರಿಸಿ ಇದನ್ನು ನಡುವೆ ಸೇರಿಸಬೇಕು. 230 ವೋಲ್ಟು ಆ ಪುಟ್ಟ ಬೋರ್ಡಿನ ತೆರೆದ ಬೆಸುಗೆಗಳ ಮೇಲೇ ನಿಂತಿರುತ್ತದೆ. ಬ್ಯಾಟರಿ, 12 ವೋಲ್ಟಿನ ಸೋಲಾರ್ ದೀಪದಂಥ ಕೆಲಸಕ್ಕೆ ಬಳಸಿ, ಸಂತೋಷ. ಮನೆಯ ಮೇನ್‌ಗೆ, ಹೊಲದ ಮೋಟರಿಗೆ ಮುಟ್ಟಿಸಬೇಡಿ. ಅಲ್ಲಿ ಕ್ಲಾಂಪೇ ಸರಿ.

ಕ್ಲಾಂಪು ಹಾಕುವಾಗ ಮೂರು ಕಟ್ಟಳೆ. ಒಂದು, ಇನ್ಸುಲೇಶನ್ ಇರುವ ಒಂದೇ ತಂತಿಯ ಮೇಲೆ ಹಾಕಿ. ಫೇಸು ನ್ಯೂಟ್ರಲ್ ಎರಡನ್ನೂ, ಅಥವಾ ಮೂರೂ ಫೇಸುಗಳನ್ನು ಒಟ್ಟಿಗೆ ಹಾಯಿಸಿದರೆ ಒಂದರ ಕಾಂತಶಕ್ತಿಯನ್ನು ಇನ್ನೊಂದು ಅಳಿಸಿ ಸೊನ್ನೆ ತೋರುತ್ತದೆ. ಎರಡು, ಕರೆಂಟ್ ಹರಿಯುತ್ತಿರುವಾಗ ಕ್ಲಾಂಪಿನ ಹೊರತಂತಿಗಳನ್ನು ಎಂದೂ ತೆರೆದಿಡಬೇಡಿ. ಹರಿಯಲು ದಾರಿಯಿಲ್ಲದಾಗ ಅಲ್ಲಿ ವೋಲ್ಟೇಜು ಏರಿ ಕ್ಲಾಂಪೂ ಹಾಳು, ಕೈಗೂ ಅಪಾಯ. ಮೊದಲು ರೆಸಿಸ್ಟರ್ ಬೆಸೆದು, ಆಮೇಲೆ ತಂತಿಗೆ ಕಚ್ಚಿಸಿ. ಮೂರು, ಮೇನ್ ಇಳಿಸಿ, ಟೆಸ್ಟರ್ ಹಚ್ಚಿ ನೋಡಿದ ಮೇಲೆಯೇ ಸ್ಟಾರ್ಟರ್ ಬಾಗಿಲು ತೆಗೆಯಿರಿ, ಅದೂ ಕಸುಬು ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದಾಗ. ಒದ್ದೆ ನೆಲ, ಬರಿಗಾಲು, ಒಂಟಿತನ ಈ ಮೂರೂ ಇರಬಾರದು.

ನಿಮ್ಮ ಕೆಲಸವೆಲ್ಲ ಸ್ಟಾರ್ಟರಿನಿಂದ ಈಚೆಗೆ. ಮೀಟರಿನ ಸೀಲು, ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್) ಇವುಗಳ ಹತ್ತಿರ ಸುಳಿಯಬೇಡಿ. ಮೀಟರಿಗೆ ಕೈಹಾಕುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಪರಾಧ. ಫ್ಯೂಸ್ ಹೋಯಿತೆಂದು ಟಿಸಿ ಹತ್ತುವ ರೂಢಿ ನಮ್ಮ ಊರುಗಳಲ್ಲಿದೆ. ನಿಮ್ಮ ತಂದೆ ಹತ್ತಿರಬಹುದು, ಅಣ್ಣ ಹತ್ತಿರಬಹುದು. ನೀವು ಹತ್ತಬೇಡಿ, ಅವರನ್ನೂ ಇಳಿಸಿರಿ. ಯಾವ ಅಳತೆಯೂ ಒಂದು ಜೀವಕ್ಕೆ ಸಮವಲ್ಲ.

ಲೆಕ್ಕ ಮಾಡಿ ಬೆಸೆಯಿರಿ

ಯಾರೋ ಕೊಟ್ಟ ನಕ್ಷೆಯನ್ನು ಕಣ್ಣುಮುಚ್ಚಿ ಬೆಸೆಯಬೇಡಿ. ಪ್ರತಿ ರೆಸಿಸ್ಟರೂ ಅಲ್ಲಿ ಯಾಕಿದೆ ಎಂದು ಲೆಕ್ಕ ಮಾಡಿ ತಿಳಿಯಿರಿ. 100 ಆಂಪಿಯರ್ ಎಂದರೆ ಅಲೆಯ ತುದಿಯಲ್ಲಿ 141 ಆಂಪಿಯರ್. 2000ದಿಂದ ಭಾಗಿಸಿದರೆ ಸುಮಾರು 70.7 ಮಿಲಿಆಂಪಿಯರ್. 5 ವೋಲ್ಟಿನ ಆರ್ಡುಯಿನೊ ಯೂನೊದಲ್ಲಿ ಅಲೆಗೆ ಮೇಲೂ ಕೆಳಗೂ ತಲಾ 2.5 ವೋಲ್ಟು ಜಾಗ. 2.5ನ್ನು 0.0707ರಿಂದ ಭಾಗಿಸಿದರೆ 35 ಓಮ್ ಚಿಲ್ಲರೆ. ಅಂಗಡಿಯಲ್ಲಿ ಸಿಗುವ 33 ಓಮ್ ಹಾಕುತ್ತೇವೆ. 3.3 ವೋಲ್ಟಿನ ಬೋರ್ಡಾದರೆ ಅದೇ ಲೆಕ್ಕದಲ್ಲಿ 22 ಓಮ್. ಇದೇ ಕ್ಲಾಂಪಿನ 30 ಆಂಪಿಯರ್‌ಗೆ 1 ವೋಲ್ಟ್ ಕೊಡುವ ಮಾದರಿಯ ಒಳಗೆ ರೆಸಿಸ್ಟರ್ ಮೊದಲೇ ಇದೆ. ಅದಕ್ಕೆ ಮತ್ತೊಂದು ಹಾಕಿದರೆ ಅಳತೆ ಸುಳ್ಳಾಗುತ್ತದೆ. ಆದ್ದರಿಂದ ಕ್ಲಾಂಪಿನ ಮೈಮೇಲೆ ಬರೆದದ್ದನ್ನು ಓದಿಯೇ ಮುಂದುವರಿಯಿರಿ.

ಎಸಿ ಅಲೆ ಸೊನ್ನೆಯ ಕೆಳಗೂ ಹೋಗುತ್ತದೆ, ಬೋರ್ಡಿಗೆ ಸೊನ್ನೆಯ ಕೆಳಗಿನದು ಕಾಣದು. ಅದಕ್ಕೇ ಎರಡು 10 ಕಿಲೋಓಮ್ ರೆಸಿಸ್ಟರು, ಒಂದು 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಬಳಸಿ ಅಲೆಯನ್ನು 2.5 ವೋಲ್ಟಿಗೆ ಎತ್ತಿ ನಿಲ್ಲಿಸುತ್ತೇವೆ. ಪ್ರೋಗ್ರಾಮಿನಲ್ಲಿ ಈ ನಡುಮಟ್ಟವನ್ನು 512 ಎಂದು ಊಹಿಸಬೇಡಿ. ಪ್ರತಿ ಸಲವೂ ಸರಾಸರಿ ತೆಗೆದು ಕಳೆಯಿರಿ. ನಮ್ಮ ಕರೆಂಟು 50 ಹರ್ಟ್ಸ್, ಒಂದು ಅಲೆಗೆ 20 ಮಿಲಿಸೆಕೆಂಡು. ಯೂನೊಗೆ ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡು ಬೇಕು. ಹತ್ತು ಪೂರ್ಣ ಅಲೆಗಳ ಮೇಲೆ ಓದಿ, ಪ್ರತಿ ಓದನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕಿದರೆ ಆಂಪಿಯರ್ ಬರುತ್ತದೆ. ಅರ್ಧ ಅಲೆಗೆ ನಿಲ್ಲಿಸಿದರೆ ಅಂಕಿ ಕುಣಿಯುತ್ತದೆ. ಬ್ರಿಟನ್ನಿನ ಓಪನ್ ಎನರ್ಜಿ ಮಾನಿಟರ್ ಬಳಗದವರು ಇಂಥ ನಕ್ಷೆಗಳನ್ನೂ ಪ್ರೋಗ್ರಾಮುಗಳನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅವನ್ನು ಬಳಸಿಕೊಳ್ಳಿ, ಆದರೆ ಒಂದೊಂದು ಸಾಲಿನ ಅರ್ಥವನ್ನೂ ಬಿಡಿಸಿಕೊಳ್ಳಿ.

ಯಂತ್ರದ ಮಿತಿಯನ್ನೂ ಲೆಕ್ಕ ಹಾಕಿ. ಯೂನೊ 5 ವೋಲ್ಟನ್ನು 1024 ಮೆಟ್ಟಿಲಾಗಿ ಒಡೆಯುತ್ತದೆ, ಒಂದು ಮೆಟ್ಟಿಲು 4.9 ಮಿಲಿವೋಲ್ಟ್. 33 ಓಮ್‌ನಲ್ಲಿ ಅದು ಹೆಚ್ಚುಕಡಿಮೆ 0.3 ಆಂಪಿಯರ್. 9 ವಾಟಿನ ಎಲ್‌ಇಡಿ ದೀಪ ಇದರ ಕಣ್ಣಿಗೆ ಬೀಳುವುದೇ ಇಲ್ಲ. ತಂತಿಯನ್ನು ಕ್ಲಾಂಪಿನೊಳಗೆ ಮೂರು ಸುತ್ತು ಹಾಯಿಸಿದರೆ ಮೂರು ಪಟ್ಟು ಸೂಕ್ಷ್ಮವಾಗುತ್ತದೆ. ಆದರೆ ಎಂಟು ಆಂಪಿಯರ್ ಎಳೆಯುವ ಐದು ಎಚ್‌ಪಿ ಮೋಟರು ಎದ್ದೇಳುವಾಗ ಅದರ ಆರು ಪಟ್ಟಿನವರೆಗೂ ಎಳೆಯುತ್ತದೆ. ಮೂರು ಸುತ್ತಿಗೆ ಅದು ಕ್ಲಾಂಪಿನ ಮಿತಿಯನ್ನೇ ದಾಟಿಬಿಡುತ್ತದೆ. ಸೂಕ್ಷ್ಮ ಬೇಕೋ, ಎತ್ತರ ಬೇಕೋ? ಉತ್ತರ ಮತ್ತೆ ನಿಮ್ಮ ಪ್ರಶ್ನೆಯಲ್ಲೇ ಇದೆ.

ತಾಳೆ ನೋಡದ ಅಂಕಿಯನ್ನು ನಂಬಬೇಡಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮುದ್ರೆ ಒತ್ತದ ತೂಕಕ್ಕೆ ಯಾವ ರೈತನೂ ಚೀಲ ಇಡುವುದಿಲ್ಲ. ನಿಮ್ಮ ಯಂತ್ರವೂ ಒಂದು ತಕ್ಕಡಿಯೇ, ಮುದ್ರೆ ಬೀಳುವವರೆಗೆ ಅದರ ಮಾತಿಗೆ ಬೆಲೆಯಿಲ್ಲ.

ಮುದ್ರೆ ಹಾಕುವುದು ಹೀಗೆ. ಒಂದು ಒಳ್ಳೆಯ ಟಾಂಗ್ ಟೆಸ್ಟರ್ ಹೊಂದಿಸಿಕೊಳ್ಳಿ. ಕಾಲೇಜಿನ ಪ್ರಯೋಗಾಲಯದಲ್ಲಿದೆ, ನಮ್ಮಂಥ ಅಂಗಡಿಗಳಲ್ಲೂ ಇದೆ, ಕೇಳಿದರೆ ಯಾರೂ ಇಲ್ಲವೆನ್ನರು. ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆಯಂಥ ಬರಿ ಬಿಸಿಯ ಹೊರೆ ಹಾಕಿ, ಎರಡನ್ನೂ ಒಂದೇ ತಂತಿಗೆ ಕಚ್ಚಿಸಿ, ಹೋಲಿಸಿ. ಕಾಯಿಲ್ ಮೇಲೆ 1000 ವಾಟ್ ಎಂದು ಬರೆದಿದೆ, ಆದ್ದರಿಂದ 4.35 ಆಂಪಿಯರ್ ಎಂದು ತೀರ್ಮಾನಿಸಬೇಡಿ. ಆ ಲೆಕ್ಕ 230 ವೋಲ್ಟಿದ್ದರೆ ಮಾತ್ರ. ಸಂಜೆ ವೋಲ್ಟೇಜು 200ಕ್ಕೆ ಇಳಿದಿದ್ದರೆ ಅದೇ ಕಾಯಿಲ್ ಎಳೆಯುವುದು 3.8 ಆಂಪಿಯರ್. ಒಂದು ಹೊರೆ ಸಾಲದು. ಸಣ್ಣದು, ನಡುವಿನದು, ದೊಡ್ಡದು ಮೂರೂ ನೋಡಿ. ಏನೂ ಹಚ್ಚದಿದ್ದಾಗ ಯಂತ್ರ ಎಷ್ಟು ತೋರಿಸುತ್ತದೆ ಎಂಬುದನ್ನೂ ಬರೆದಿಡಿ. ಅದಕ್ಕಿಂತ ಕೆಳಗಿನ ಯಾವ ಅಂಕಿಗೂ ಅರ್ಥವಿಲ್ಲ.

ಇನ್ನೊಂದು ಸೂಕ್ಷ್ಮ. ಮೊಬೈಲ್ ಚಾರ್ಜರಿನ 5 ವೋಲ್ಟು ಯಾವಾಗಲೂ 5 ಇರುವುದಿಲ್ಲ. ಅದು 4.7ಕ್ಕೆ ಇಳಿದರೆ ಯಂತ್ರ ಅದನ್ನೇ ಐದೆಂದು ತಿಳಿದು ಕರೆಂಟನ್ನು ಶೇ 6ರಷ್ಟು ಹೆಚ್ಚಿಸಿ ತೋರಿಸುತ್ತದೆ. ಹೊಲದಲ್ಲಿ ಯಾವ ಚಾರ್ಜರಿನಿಂದ ಓಡಿಸುವಿರೋ ಅದರಿಂದಲೇ ತಾಳೆ ನೋಡಿ. ತಾಳೆ ನೋಡಿದ ತಾರೀಖು, ಹೊರೆ, ಎರಡೂ ಅಂಕಿಗಳನ್ನು ಒಂದು ವಹಿಯಲ್ಲಿ ಬರೆದಿಡಿ. ನಾಳೆ ಯಾರಾದರೂ "ನಿನ್ನ ಅಂಕಿ ಸರಿ ಎಂದು ಹೇಗೆ ಹೇಳ್ತೀ?" ಎಂದು ಕೇಳಿದರೆ ತೋರಿಸಲು ಆ ವಹಿ ಇರಬೇಕು.

ಬಿಟ್ಟುಹೋದ ಸಾಲನ್ನು ತುಂಬಬೇಡಿ

ಅಳೆಯುವುದು ಅರ್ಧ ಕೆಲಸ. ಬರೆದಿಡುವುದು ಇನ್ನರ್ಧ, ಅದೇ ಕಷ್ಟದ ಅರ್ಧ. ಹೊಲದಲ್ಲಿ ಇಂಟರ್‌ನೆಟ್ ಇಲ್ಲದಿರುವಾಗ ಬೋರ್ಡಿಗೆ ವೇಳೆ ಗೊತ್ತಿರುವುದಿಲ್ಲ. ಡಿಎಸ್3231 ಎಂಬ ಗಡಿಯಾರದ ಬಿಲ್ಲೆ ಹಾಕಿ. ತನ್ನದೇ ಗುಂಡಿ ಬ್ಯಾಟರಿಯ ಮೇಲೆ ಅದು ಓಡುತ್ತದೆ, ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ನಿಮಿಷ ಆಚೀಚೆ. ಸೆಕೆಂಡಿಗೊಮ್ಮೆ ಅಳೆದು, ನಿಮಿಷಕ್ಕೊಂದು ಸಾಲು ಬರೆಯಿರಿ: ತಾರೀಖು, ವೇಳೆ, ಆರ್, ವೈ, ಬಿ ಮೂರೂ ಫೇಸುಗಳ ಸರಾಸರಿ, ಅತಿ ಕಡಿಮೆ, ಅತಿ ಹೆಚ್ಚು. ಸರಾಸರಿ ಒಂದನ್ನೇ ಬರೆದರೆ ಮೋಟರು ಎದ್ದೇಳುವಾಗಿನ ನೆಗೆತ ಅಳಿಸಿಹೋಗುತ್ತದೆ. ದಿನಕ್ಕೆ 1440 ಸಾಲು. ವರ್ಷವಿಡೀ ಬರೆದರೂ ಸುಮಾರು 30 ಎಂಬಿಯಲ್ಲಿ ಮುಗಿಯುತ್ತದೆ. ದಿನಕ್ಕೊಂದು ಫೈಲು ಮಾಡಿ, ಪ್ರತಿ ಸಾಲು ಬರೆದ ಮೇಲೆ ಫೈಲು ಮುಚ್ಚಿ. ಇಲ್ಲವಾದರೆ ಕರೆಂಟ್ ಹೋದ ಗಳಿಗೆಯಲ್ಲಿ ಕಾರ್ಡಿನ ಬರಹವೂ ಹೋಗುತ್ತದೆ.

ಯಂತ್ರಕ್ಕೊಂದು ಬ್ಯಾಟರಿ ಇರಲೇಬೇಕು. ಕರೆಂಟ್ ಹೋದದ್ದನ್ನು ಬರೆಯಬೇಕಾದ ಯಂತ್ರ ಕರೆಂಟಿನ ಜೊತೆಗೇ ಮಲಗಿದರೆ ಏನು ಬಂತು? ಸೊನ್ನೆ ಆಂಪಿಯರ್ ಬೇರೆ, ಅಳತೆಯೇ ಇಲ್ಲದ ನಿಮಿಷ ಬೇರೆ. ಮೊದಲನೆಯದನ್ನು 0 ಎಂದು ಬರೆಯಿರಿ, ಎರಡನೆಯದನ್ನು ಖಾಲಿ ಬಿಡಿ. ಗ್ರಾಫು ಚಂದ ಕಾಣಲೆಂದು ಹಿಂದಿನ ಮುಂದಿನ ಅಂಕಿ ನೋಡಿ ಖಾಲಿ ಜಾಗ ತುಂಬುವ ಆಸೆ ಬರುತ್ತದೆ. ಖಂಡಿತ ಬೇಡ. ಒಂದು ಸಾಲು ಕೈಯಿಂದ ತುಂಬಿದರೆ ಉಳಿದ ಸಾವಿರ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಮೂಲ ಫೈಲನ್ನು ಮುಟ್ಟದೆ ಬೇರೆ ಇಟ್ಟು, ಅದರ ನಕಲಿನ ಮೇಲೆ ಲೆಕ್ಕ ಮಾಡಿ.

ಡಬ್ಬಿಯ ಬಗ್ಗೆಯೂ ಒಂದು ಮಾತು. ನಮ್ಮ ಹೊಲದ ಪ್ಯಾನಲ್ ಬೋರ್ಡಿನಲ್ಲಿ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಬೆಚ್ಚಗೆ ಮಲಗುತ್ತದೆ, ಏಪ್ರಿಲ್ ಬಿಸಿಲಿಗೆ ತಗಡು ಕಾದು ಕೈ ಸುಡುತ್ತದೆ. ನೀರು ಧೂಳು ಹೋಗದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ತಂತಿ ಹೋಗುವ ತೂತುಗಳಿಗೆ ಗ್ಲ್ಯಾಂಡ್ ಹಾಕಿ, ನೆರಳಿನಲ್ಲಿ ನೇತುಹಾಕಿ.

ಸಾಲುಗಳನ್ನು ಓದಲು ಕಲಿಯಿರಿ

ಒಂದು ತಿಂಗಳ ಬರಹ ಕೈಗೆ ಬಂದ ಮೇಲೆ ನಿಜವಾದ ಓದು ಶುರು. ಮೂರೂ ಫೇಸಿನ ಕರೆಂಟು ಒಟ್ಟಿಗೆ ತಟ್ಟನೆ ಇಳಿದು ಅಲ್ಲೇ ನಿಂತಿದೆಯೇ? ಬೋರಿನಲ್ಲಿ ನೀರು ಮುಗಿದು ಪಂಪು ಒಣಗಿ ತಿರುಗುತ್ತಿದೆ. ನೀರೇ ತಂಪು ಮಾಡಬೇಕಾದ ಸಬ್‌ಮರ್ಸಿಬಲ್‌ಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಓಡುತ್ತ ಎಷ್ಟು ನಿಮಿಷಕ್ಕೆ ಹೀಗಾಗುತ್ತದೆ, ಎಷ್ಟು ಬಿಡುವು ಕೊಟ್ಟರೆ ಮತ್ತೆ ನೀರು ತುಂಬುತ್ತದೆ ಎಂದು ಸಾಲುಗಳೇ ಹೇಳುತ್ತವೆ. ಆ ಲೆಕ್ಕದಲ್ಲಿ ಟೈಮರ್ ಇಟ್ಟರೆ ಮೋಟರೂ ಉಳಿಯಿತು, ಬೋರೂ ಉಳಿಯಿತು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಗೋವಿನಜೋಳಕ್ಕೋ ಹತ್ತಿಯ ಬೀಜೋತ್ಪಾದನೆಗೋ ನೀರಿನ ಸಲಹೆ ಕೇಳುವಾಗಲೂ ಈ ಹಾಳೆ ಕೈಯಲ್ಲಿದ್ದರೆ ಮಾತು ಗಟ್ಟಿಯಾಗುತ್ತದೆ.

ಒಂದು ಫೇಸು ಸೊನ್ನೆಯಾಗಿ ಉಳಿದೆರಡು ಒಂದೂಮುಕ್ಕಾಲು ಪಟ್ಟು ಇಲ್ಲವೆ ಇನ್ನೂ ಮೇಲೆ ಏರಿದೆಯೇ? ಫೇಸು ಹಾರಿದೆ, ಆದರೂ ಸ್ಟಾರ್ಟರ್ ಬಿಟ್ಟಿಲ್ಲ. ಓವರ್‌ಲೋಡ್ ರಿಲೇ ಸರಿಯಾದ ಆಂಪಿಯರಿಗೆ ಇಟ್ಟಿದೆಯೋ ನೋಡಿ. ಮೂರೂ ಫೇಸು ನಿಧಾನ ಏರಿದೆಯೇ? ವೋಲ್ಟೇಜು ಇಳಿದಿದೆ. 415 ವೋಲ್ಟಿಗೆ 8 ಆಂಪಿಯರ್ ಎಳೆಯುವ ಮೋಟರು ಅದೇ ಹೊರೆಯನ್ನು 350ರಲ್ಲಿ ಎತ್ತಲು ಹತ್ತಿರ ಹತ್ತಿರ 9.5 ಆಂಪಿಯರ್ ಎಳೆಯಬೇಕು. ಬಿಸಿ ಏರುವುದು ಕರೆಂಟಿನ ವರ್ಗದಷ್ಟು, ಆದ್ದರಿಂದ ತಾಮ್ರ ಶೇ 40ರಷ್ಟು ಹೆಚ್ಚು ಕಾಯುತ್ತದೆ. ಮೂರು ಫೇಸು ಮೂರು ಥರ ಇದೆಯೇ? ವೋಲ್ಟೇಜಿನ ಶೇ 1ರ ಏರುಪೇರು ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟಾಗಿ ಕಾಣುತ್ತದೆ. ಸಿಂಗಲ್ ಫೇಸ್ ಇರುವ ಹೊತ್ತಿನಲ್ಲಿ ಕಂಡೆನ್ಸರ್ ಹಚ್ಚಿ ಮೂರು ಫೇಸಿನ ಮೋಟರು ಓಡಿಸುವ ನಮ್ಮ ರೂಢಿಯ ಬೆಲೆ ಏನೆಂಬುದು ಆ ರಾತ್ರಿಯ ಸಾಲುಗಳಲ್ಲಿ ಬರೆದುಬಿಟ್ಟಿರುತ್ತದೆ. ಅಪ್ಪನ ಜೊತೆ ವಾದ ಬೇಡ, ಸಾಲು ತೋರಿಸಿ.

ಬ್ಯಾಡಗಿಯ ಮಕ್ಕಳಿಗೆ ಇನ್ನೊಂದು ದೊಡ್ಡ ಪಾಠಶಾಲೆಯಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಂತಿರುವುದೇ ಅದರ ಬಣ್ಣದ ಮೇಲೆ. ಸೋಮವಾರ, ಗುರುವಾರದ ಪೇಟೆಗೆ ಬಂದ ಕಾಯಿ ಬಣ್ಣ ಕೆಡದಂತೆ ತಿಂಗಳುಗಟ್ಟಲೆ ಉಳಿಯುವುದು ಊರಿನ ಸುತ್ತಲಿರುವ ಕೋಲ್ಡ್ ಸ್ಟೋರೇಜುಗಳಲ್ಲಿ. ಕಂಪ್ರೆಸರ್ ಎಷ್ಟು ನಿಮಿಷ ಓಡಿ ಎಷ್ಟು ನಿಮಿಷ ನಿಲ್ಲುತ್ತದೆ ಎಂಬ ಒಂದೇ ಲೆಕ್ಕ ಬಹಳಷ್ಟು ಹೇಳುತ್ತದೆ. ಹಮಾಲರು ಚೀಲ ಒಳಗಿಡುವಾಗ ಬಾಗಿಲು ತೆರೆದಿದ್ದಷ್ಟು ಹೊತ್ತೂ ಓಟ ಉದ್ದವಾಗುತ್ತದೆ. ಬಾಗಿಲಿನ ರಬ್ಬರ್ ಹರಿದಿದ್ದರೆ ರಾತ್ರಿ ಯಾರೂ ಇಲ್ಲದಾಗಲೂ ಉದ್ದವಾಗಿರುತ್ತದೆ. ಆದರೆ ಅಲ್ಲಿನ ಕರೆಂಟು ನಿಮ್ಮ ಕ್ಲಾಂಪು ತಾಳುವಂಥದ್ದಲ್ಲ. ಪ್ಯಾನಲ್ಲಿನಲ್ಲಿ ಮೊದಲೇ ಇರುವ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರಿನ) 5 ಆಂಪಿಯರ್ ಹೊರತಂತಿಯ ಮೇಲೆ, ಅದನ್ನು ಬಿಚ್ಚದೆ, 5 ಆಂಪಿಯರ್‌ನ ಕ್ಲಾಂಪು ಕಚ್ಚಿಸಿ ಅನುಪಾತದಿಂದ ಗುಣಿಸಬೇಕು. ಅದೂ ಅಲ್ಲಿನ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕೈಯಿಂದ.

ಆಂಪಿಯರ್ ಎಂದರೆ ಯೂನಿಟ್ ಅಲ್ಲ

ಕರೆಂಟ್ ಅಳೆದವರು ಬಿಲ್ ಲೆಕ್ಕ ಹೇಳಲು ಹೊರಡುತ್ತಾರೆ. ಅಲ್ಲಿ ನಿಲ್ಲಿ. 415 ವೋಲ್ಟು, 8 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಇದ್ದರೆ ಮೋಟರು ತಿನ್ನುವುದು ಸುಮಾರು 4600 ವಾಟ್. ಹೊರೆಯಿಲ್ಲದೆ ತಿರುಗುವಾಗ ಅದೇ ಮೋಟರು 4 ಆಂಪಿಯರ್ ಎಳೆಯುತ್ತಿರಬಹುದು, ಆದರೆ ಪವರ್ ಫ್ಯಾಕ್ಟರ್ 0.2ಕ್ಕೆ ಕುಸಿದಿರುತ್ತದೆ, ತಿನ್ನುವುದು 600 ವಾಟ್‌ಗೂ ಕಡಿಮೆ. ಕರೆಂಟು ಅರ್ಧ, ಶಕ್ತಿ ಎಂಟನೆಯ ಒಂದು ಪಾಲು. ಯೂನಿಟ್ ಬೇಕೆಂದರೆ ವೋಲ್ಟೇಜನ್ನೂ ಅದೇ ಗಳಿಗೆಯಲ್ಲಿ ಓದಿ ಗುಣಿಸಬೇಕು. ಅದಿಲ್ಲದಿದ್ದರೆ "ನನ್ನ ಯಂತ್ರ ಕರೆಂಟನ್ನು ಅಳೆಯುತ್ತದೆ, ಯೂನಿಟ್ಟನ್ನಲ್ಲ" ಎಂದು ನೇರವಾಗಿ ಹೇಳಿ. ತನ್ನ ಅಳತೆ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಬಲ್ಲವನ ಮಾತನ್ನು ಜನ ನಂಬುತ್ತಾರೆ.

ದೂರಿನ ಬದಲು ದಾಖಲೆ

ಈ ಸಣ್ಣ ಡಬ್ಬಿಯ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ದಿನಕ್ಕೆ ಏಳು ತಾಸು ಮೂರು ಫೇಸ್ ಎಂಬುದು ಸರ್ಕಾರದ ಲೆಕ್ಕ. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರೇ ಇಲ್ಲ, ಆದ್ದರಿಂದ ಅವುಗಳ ಬಳಕೆಯನ್ನು ಅಂದಾಜಿನಿಂದ ಕಟ್ಟಬೇಕು. ಅಳತೆ ಇಲ್ಲದ ಕಡೆ ಎಲ್ಲರದೂ ಊಹೆಯೇ. ರೈತ ಕರೆಂಟೇ ಬರಲಿಲ್ಲ ಎನ್ನುತ್ತಾನೆ, ಇನ್ನೊಬ್ಬರು ರೈತರು ಮಿತಿಮೀರಿ ಎಳೆಯುತ್ತಾರೆ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಹಾಳೆಯಿಲ್ಲ.

ನಮ್ಮ ಬ್ಯಾಡಗಿಯೇ ಇದಕ್ಕೆ ಪಾಠ ಕಲಿಸಿದೆ. ನಮ್ಮ ಭಾಗಕ್ಕೆ ಕರೆಂಟು ಕೊಡುವ ಹೆಸ್ಕಾಂ ಮತ್ತು ಕೇಂದ್ರದ ಇಂಧನ ಉಳಿತಾಯ ಸಂಸ್ಥೆ ಇಇಎಸ್‌ಎಲ್ ಸೇರಿ ಬ್ಯಾಡಗಿ, ನಿಪ್ಪಾಣಿ ಭಾಗಗಳಲ್ಲಿ 590 ಹಳೆಯ ಪಂಪ್‌ಸೆಟ್ಟುಗಳನ್ನು ತೆಗೆದು ಕಡಿಮೆ ಕರೆಂಟು ತಿನ್ನುವ ಸ್ಟಾರ್ ಗುರುತಿನ ಪಂಪುಗಳನ್ನು ಕೂರಿಸುವ ಪ್ರಯೋಗ ಮಾಡಿದವು. ಅಂಥ ಕೆಲಸದಲ್ಲಿ ಉಳಿತಾಯ ಎಂಬ ಮಾತಿಗೆ ಅರ್ಥ ಬರುವುದು ಹಳೆಯದನ್ನು ತೆಗೆಯುವ ಮುನ್ನ ಅಳೆದು, ಹೊಸದು ಕೂರಿಸಿ ಮತ್ತೆ ಅಳೆದಾಗ ಮಾತ್ರ. ಮೊದಲ ಅಳತೆ ತಪ್ಪಿಹೋದರೆ ಅದನ್ನು ಮತ್ತೆ ತರಲಾಗದು. ಪುಣೆಯ ಪ್ರಯಾಸ್ ಸಂಸ್ಥೆಯ ಇಂಧನ ಬಳಗ ಇನ್ನೊಂದು ದಾರಿ ತೋರಿಸಿತು. ದೇಶದ ಹಲವು ಊರುಗಳ ಮನೆಗಳಲ್ಲಿ ಪುಟ್ಟ ಯಂತ್ರ ಹಚ್ಚಿ, ನಿಮಿಷ ನಿಮಿಷದ ವೋಲ್ಟೇಜನ್ನು ಬರೆದು, ಕರೆಂಟು ಎಷ್ಟು ಹೊತ್ತು ಇರಲಿಲ್ಲ, ಎಷ್ಟು ಹೊತ್ತು ಕಡಿಮೆಯಿತ್ತು ಎಂದು ಎಲ್ಲರಿಗೂ ಕಾಣುವಂತೆ ಇಟ್ಟರು. ನೀವು ಕಟ್ಟುವುದು ಅದರದೇ ಕಿರಿಯ ರೂಪ.

ಹಾಳೆ ಹಿಡಿದು ಹೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗುವಾಗ ಜಗಳಕ್ಕೆ ಹೋದವರಂತೆ ಹೋಗಬೇಡಿ. "ಸರ್, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ಈ ಟಿಸಿಯ ಕೆಳಗಿನ ನಮ್ಮ ಮೋಟರಿನಲ್ಲಿ ವೈ ಫೇಸು ಇಷ್ಟು ಸಲ ಹಾರಿದೆ, ವೇಳೆ ಇಲ್ಲಿವೆ, ಯಂತ್ರದ ತಾಳೆ ಲೆಕ್ಕ ಇಲ್ಲಿದೆ" ಎಂದು ಮುಂದಿಡಿ. ಲೈನ್‌ಮನ್ ಅಣ್ಣನಿಗೂ ಅದರಿಂದ ಉಪಕಾರವೇ. ಎಲ್ಲಿ ಜಂಪರ್ ಸಡಿಲವಾಗಿದೆ ಎಂದು ಹುಡುಕಲು ಅವನಿಗೊಂದು ಸುಳಿವು ಸಿಗುತ್ತದೆ. ಮೋಟರು ಮಾರಿದ ಅಂಗಡಿಗೆ, ವೈಂಡಿಂಗ್ ಮಾಡಿದ ನನ್ನಂಥವನಿಗೆ ಕೂಡ ಅದೇ ಹಾಳೆ ತೋರಿಸಿ. "ನೀವು ಕಟ್ಟಿಕೊಟ್ಟ ಮೇಲೆ ಒಂದೂವರೆ ಆಂಪಿಯರ್ ಹೆಚ್ಚು ಎಳೀತದ" ಎಂದು ಹಾಳೆ ಹಿಡಿದು ಕೇಳುವ ಗಿರಾಕಿಯ ಮುಂದೆ ಯಾವ ಕಸುಬುದಾರನೂ ಕೆಲಸ ಸಡಿಲ ಮಾಡಲಾರ. ನಮ್ಮ ಕಸುಬನ್ನೂ ನೀವು ಹಾಗೆಯೇ ತಿದ್ದುವಿರಿ.

ಈಗ ಮಾಡಬೇಕಾದ್ದಿಷ್ಟು. ಇಬ್ಬರು ಮೂವರು ಸೇರಿ, ಹಣ ಕೂಡಿಸಿ ಒಂದು ಯಂತ್ರ ಕಟ್ಟಿ. ಮೊದಲು ಮನೆಯ ಕಾಯಿಲ್ ಮೇಲೆ ತಾಳೆ ನೋಡಿ, ಆಮೇಲೆ ಪರಿಚಯದ ಒಬ್ಬ ರೈತನನ್ನು ಒಪ್ಪಿಸಿ ಅವನ ಬೋರಿನ ಸ್ಟಾರ್ಟರಿಗೆ ಹಿರಿಯರ ಎದುರಿನಲ್ಲಿ ಕೂರಿಸಿ. ಬೇಸಿಗೆಯಲ್ಲಿ ಒಂದು ತಿಂಗಳು, ಮಳೆಗಾಲದಲ್ಲಿ ಒಂದು ತಿಂಗಳು ಬರೆಯಲಿ. ಬಂದ ಬರಹ ಮೊದಲು ಆ ರೈತನದು. ಅವನಿಗೆ ಅವನ ಮಾತಿನಲ್ಲೇ ಓದಿ ಹೇಳಿ, ಅವನು ಒಪ್ಪಿದರೆ ಮಾತ್ರ ಬೇರೆಯವರಿಗೆ ತೋರಿಸಿ. ಮುಂದಿನ ವರ್ಷ ನಿಮ್ಮ ಕಿರಿಯರಿಗೆ ನಕ್ಷೆ, ಪ್ರೋಗ್ರಾಮು, ತಾಳೆಯ ವಹಿ ಮೂರನ್ನೂ ಒಪ್ಪಿಸಿ. ಹಳ್ಳಿಗೊಂದು ಇಂಥ ದಾಖಲೆ ಇದ್ದರೆ ನಮ್ಮ ಜಿಲ್ಲೆಯ ಕರೆಂಟಿನ ಬಗ್ಗೆ, ನೀರಿನ ಬಗ್ಗೆ ಬೇರೆಯವರು ಊಹಿಸಿ ಹೇಳುವುದು ನಿಲ್ಲುತ್ತದೆ, ನಾವೇ ಅಳೆದು ಹೇಳುತ್ತೇವೆ. ಯಂತ್ರ ಕಟ್ಟುವಾಗ ಎಲ್ಲಾದರೂ ತೊಡಕಾದರೆ ನಿಮ್ಮೂರಿನ ಯಾವುದೇ ವೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತಿ ಕೇಳಿ. ಕಲಿಯಲು ಬಂದವರಿಗೆ ಕಲಿಸುವುದು ನಮಗೆ ಬಂದ ಕಸುಬಿನ ಋಣ.